ಕರಿ ಮುಟ್ಟದ ಕುಲುಮೆ

ಹೊಗೆಯೇ ಇಲ್ಲದ ಬೆಂಕಿಗೆ ಯಾವ ಕಡೆ ನಿಂತು ಕೈಮುಗಿಯಬೇಕು ಎಂದು ಸಿದ್ದಗಂಗಮ್ಮನವರಿಗೆ ತಿಳಿಯಲಿಲ್ಲ. ತಟ್ಟೆಯಲ್ಲಿ ವಿಭೂತಿ, ಬಿಲ್ವಪತ್ರೆ, ಕರ್ಪೂರ ಹಿಡಿದು ಹೊಸ ಕುಲುಮೆಯ ಸುತ್ತ ಒಂದು ಸುತ್ತು ಬಂದರು. ಬಾಯಿ ತೆರೆದ ದೊಡ್ಡ ಹಂಡೆಯ ಹಾಗಿತ್ತು ಅದು. ಆದರೆ ಹಂಡೆಯ ಕೆಳಗೆ ಒಲೆ ಇರಲಿಲ್ಲ. ಗೋಡೆಗೆ ಒರಗಿದ್ದ ಬೀರುವಿನಂಥ ಪೆಟ್ಟಿಗೆಯಿಂದ ದಪ್ಪನೆಯ ಕೇಬಲ್ಲುಗಳು ಹೊರಟು ಅದರ ಹೊಟ್ಟೆ ಸೇರಿದ್ದವು, ಅಷ್ಟೆ.

“ಬೆಂಕಿ ಎಲ್ಲಮ್ಮಾ ಇದ್ರಲ್ಲಿ?” ಎಂದು ಕೇಳಿದರು.

“ಬೆಂಕಿ ಇಲ್ಲ ಆಂಟಿ,” ಎಂದಳು ಐಶ್ವರ್ಯ. ಕುಲುಮೆ ಮಾರಿದ ಕಂಪನಿಯಿಂದ ಅದನ್ನು ಜೋಡಿಸಿಕೊಡಲು ಬಂದಿದ್ದ ಎಂಜಿನಿಯರ್ ಹುಡುಗಿ. “ಸುತ್ತ ತಾಮ್ರದ ಸುರುಳಿ ಇದೆ. ಅದ್ರಲ್ಲಿ ಕರೆಂಟ್ ಓಡುತ್ತೆ. ಒಳಗಿರೋ ಕಬ್ಬಿಣ ತಾನಾಗೇ ಕಾದು ಕರಗುತ್ತೆ.”

“ತಾನಾಗೇ? ಯಾರೂ ಹಚ್ಚದೆ?”

“ನಮ್ಮ ಅಮ್ಮಾವ್ರಿಗೆ ಸಿಟ್ಟು ಬರೋ ಹಂಗೆ,” ಎಂದ ಚಿನ್ನಪ್ಪ ಹಿಂದಿನಿಂದ. ಸುತ್ತ ನಿಂತವರು ನಕ್ಕರು. ಬೇಗೂರಿನಿಂದ ದಿನಾ ಬಂದುಹೋಗುವ ಚಿನ್ನಪ್ಪನೇ ಆ ಶೆಡ್ಡಿನಲ್ಲಿ ಕಬ್ಬಿಣ ಕರಗಿಸುವವನು. ಯಜಮಾನರ ಕಾಲದಿಂದ ಇದ್ದವನಾದ್ದರಿಂದ ಅವನ ಬಾಯಿಗೆ ಬೀಗ ಇರಲಿಲ್ಲ.

ಯಜಮಾನರೆಂದರೆ ಸಿದ್ದಗಂಗಮ್ಮನವರ ಗಂಡ ಗೌರೀಶಂಕರಪ್ಪ. ಕುಮಾರಸ್ವಾಮಿ ಲೇಔಟಿನ ಹಿಂಬದಿಯಲ್ಲಿ ಅವರು ಈ ಎರಕದ ಶೆಡ್ಡು ಕಟ್ಟಿದಾಗ ಸುತ್ತ ರಾಗಿ ಹೊಲವಿತ್ತು. ಆಮೇಲೆ ಹೊಲ ಸೈಟಾಯಿತು, ಸೈಟು ಮನೆಯಾಯಿತು, ಮನೆಗಳ ಮೇಲೆ ಬಟ್ಟೆ ಒಣಗುವ ತಂತಿಗಳು ಬಂದವು. ಶೆಡ್ಡು ಮಾತ್ರ ತನ್ನ ಪಾಡಿಗೆ ತಾನು ಕೋಕ್ ನುಂಗುತ್ತ, ಅಂದರೆ ಸುಟ್ಟು ಗಟ್ಟಿಮಾಡಿದ ಕಲ್ಲಿದ್ದಲನ್ನು ನುಂಗುತ್ತ, ಹಳೆ ಕಬ್ಬಿಣ ಕರಗಿಸಿ ನೀರಿನ ಪಂಪುಗಳ ಹೊರಮೈ ಎರಕ ಹೊಯ್ಯುತ್ತ, ಎದುರುಮನೆಯ ಪಂಕಜಾ ಹರವಿದ ಬೆಡ್‌ಶೀಟಿನ ಮೇಲೆ ಮಸಿ ಉದುರಿಸುತ್ತ ಬಾಳಿತು. ಯಜಮಾನರು ಲಿಂಗೈಕ್ಯರಾದ ಮೇಲೆ ಸಿದ್ದಗಂಗಮ್ಮನವರೇ ತ್ಯಾಗರಾಜನಗರದ ಮನೆಯಿಂದ ಬಸ್ಸಿನಲ್ಲಿ ಬಂದು ಬಾಗಿಲು ತೆಗೆಸುತ್ತಿದ್ದರು.

ಹೋದ ವರ್ಷ ಪಂಪಿನ ಕಂಪನಿಯವರು ಒಂದು ಮಾತು ಹೇಳಿ ಕಳಿಸಿದರು. ತಮ್ಮ ಪಂಪುಗಳು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತವೆ. ಅಲ್ಲಿನವರು ಈಗ, ಇದನ್ನು ಮಾಡುವಾಗ ಎಷ್ಟು ಇಂಗಾಲ ಗಾಳಿಗೆ ಬಿಟ್ಟಿರಿ ಎಂದು ಕೇಳುತ್ತಾರೆ. ಕೋಕ್ ಸುಟ್ಟು ಹೊಯ್ದ ಎರಕ ಇನ್ನು ನಮಗೆ ಬೇಡ. ಶೆಡ್ಡಿಗಿದ್ದ ದೊಡ್ಡ ಗಿರಾಕಿ ಅವರೊಬ್ಬರೇ. ಅವರು ಕೈಬಿಟ್ಟರೆ ಬಾಗಿಲಿಗೆ ಬೀಗ ಬೀಳುತ್ತಿತ್ತು, ಒಳಗಿದ್ದವರೆಲ್ಲ ಬೇರೆ ಅನ್ನ ಹುಡುಕಿಕೊಳ್ಳಬೇಕಿತ್ತು. ಸಿದ್ದಗಂಗಮ್ಮ ಪೂಜೆಯ ಮಣೆಯ ಮೇಲೆ ಕೂತು ಬಹಳ ಯೋಚಿಸಿದರು. ಹೊಗೆ ಕಡಿಮೆಯಾಗುವುದು ಶಿವನಿಗೂ ಹಿತವೇ ಇರಬೇಕು ಎನ್ನಿಸಿತು. ಹಳೆ ಕುಲುಮೆ ಆರಿಸಿ, ಈ ಕರೆಂಟಿನದನ್ನು ತರಿಸಿದರು. ನಾಳೆ ಪಂಪಿನ ಕಂಪನಿಯ ಪರೀಕ್ಷಕ ಬಂದು ಇವತ್ತಿನ ಎರಕವನ್ನು ನೋಡುವವನಿದ್ದ. ಅವನು ಒಪ್ಪಿದರೆ ಶೆಡ್ಡು ಉಳಿಯಿತು, ಇಲ್ಲವಾದರೆ ಇಲ್ಲ.

ಕೊನೆಗೆ ಅವರು ಕರೆಂಟಿನ ಪೆಟ್ಟಿಗೆಗೆ ಅರ್ಧ, ಹಂಡೆಗೆ ಅರ್ಧ ಎನ್ನುವ ಹಾಗೆ ಓರೆಯಾಗಿ ನಿಂತು ಮಂಗಳಾರತಿ ಮಾಡಿದರು. ಕುಲುಮೆಯ ಅಂಚಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಆಮೇಲೆ ತಿರುಗಿ ನೋಡಿದಾಗ ಮೂಲೆಯಲ್ಲಿ ಮಿಕ್ಕಿದ್ದ ಕೋಕಿನ ಗುಡ್ಡೆ ಕಣ್ಣಿಗೆ ಬಿತ್ತು.

“ಅಯ್ಯೋ ಚಿನ್ನಪ್ಪ, ಅದನ್ನ ಯಾಕೆ ಇನ್ನೂ ಒಳಗಿಟ್ಟಿದ್ದೀಯ? ಹೊಸ ಒಲೆಗೆ ಕರಿ ಮುಟ್ಟಿಸಬಾರದು!”

ಅವರ ತವರಿನ ಕಡೆ ಅದೊಂದು ನೇಮ. ಹೊಸ ಮನೆಯ ಒಲೆಗೆ ಮೊದಲ ದಿನ ಒಣ ಕಡ್ಡಿಯ ಬೆಂಕಿ ಮಾತ್ರ. ಇದ್ದಿಲಾಗಲಿ, ಅರ್ಧ ಉರಿದ ಕೊಳ್ಳಿಯಾಗಲಿ ಹತ್ತಿರ ಬರಕೂಡದು. ಹಳೆ ಒಲೆಯ ಇದ್ದಿಲಿನ ಜೊತೆ ಹಳೆ ಮನೆಯ ಹಸಿವೂ ಬಂದು ಹೊಸ ಮನೆಯಲ್ಲಿ ಕೂರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅದಲ್ಲದೆ, ಇಂಗಾಲ ಬೇಡವೆಂದು ತಾನೇ ಇಷ್ಟೆಲ್ಲ ಮಾಡಿದ್ದು? ನೇಮವೂ ಕಂಪನಿಯವರೂ ಹೀಗೆ ಒಂದೇ ಮಾತು ಹೇಳುವುದು ಕಂಡು ಅವರ ಮನಸ್ಸಿಗೆ ಅಪರೂಪದ ಸಮಾಧಾನವಾಯಿತು.

“ಕರೀದು ಏನೇನಿದ್ಯೋ ಎಲ್ಲಾ ಆಚೆ ಹಾಕ್ಸು. ಇವತ್ತು ಇದು ಉಪವಾಸದಲ್ಲಿದೆ ಅನ್ಕೋ.”

ಚಿನ್ನಪ್ಪ ಕೋಕ್ ಗುಡಿಸಿ ತೆಗೆಸಿದ. ಗುಡ್ಡೆಯ ಪಕ್ಕ ಕಪ್ಪು ಪುಡಿ ತುಂಬಿದ ಮೂಟೆಯೊಂದಿತ್ತು. ಬಾಯಿ ಬಿಚ್ಚಿ ನೋಡಿ, ಇದೂ ಅದರ ಮರಿಯೇ ಎಂದು ಅದನ್ನೂ ಹೊತ್ತು ಆಚೆಯ ಹೊಂಗೆಮರದ ಕೆಳಗೆ ಇಟ್ಟುಬಂದ. ಕೈಕಾಲು ತೊಳೆದುಕೊಂಡು ಒಳಗೆ ಕಾಲಿಟ್ಟ. ಮರಳಿನ ಅಚ್ಚು ಕಟ್ಟುವ ಮುನಿಯಕ್ಕನಂತೂ ನೆಲಕ್ಕೆ ಅಂಟಿದ್ದ ಮಸಿಯನ್ನೂ ಬಿಡದೆ ಉಜ್ಜಿ ತೊಳೆದಳು.

ತಗಡಿನ ತುಂಡು, ಒಡೆದ ಹಳೆ ಎರಕ ಎಲ್ಲ ಕುಲುಮೆಗೆ ಬಿತ್ತು. ಐಶ್ವರ್ಯ ಗುಂಡಿ ಒತ್ತಿದಳು. ದುಂಬಿ ಸೇರಿಕೊಂಡಂತೆ ಗುಂಯ್ ಎಂಬ ಸದ್ದು. ಕಬ್ಬಿಣ ಕೆಂಪಾಯಿತು, ಹಳದಿಯಾಯಿತು, ಆದರೆ ನೀರಾಗಲು ಸತಾಯಿಸಿತು. ಐಶ್ವರ್ಯ ಶಕ್ತಿ ಏರಿಸಿದಳು, ಇನ್ನೂ ಏರಿಸಿದಳು. “ಹೊಸದಲ್ವಾ ಆಂಟಿ, ಮೈ ಬೆಚ್ಚಗಾಗ್ಬೇಕು,” ಎಂದಳು. ಅವಳ ದನಿಯಲ್ಲಿ ಖಾತ್ರಿ ಇರಲಿಲ್ಲ.

ಅಂತೂ ಕರಗಿತು. ಅಚ್ಚುಗಳಿಗೆ ಹೊಯ್ಯುವ ಮುಂಚೆ ಚಿನ್ನಪ್ಪ ವಾಡಿಕೆಯಂತೆ ಹದ ನೋಡಲು ಒಂದು ಸಣ್ಣ ಬೆಣೆ ಎರಕ ಹೊಯ್ದು, ಆರಿಸಿ, ಸುತ್ತಿಗೆಯಿಂದ ಮುರಿದ. ಮುರಿದ ಮುಖವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ.

“ಏನಾಯ್ತೋ?”

“ಬೆಳ್ಳಗೈತೆ ಅಮ್ಮಾವ್ರೇ. ಬೆಳ್ಳಿ ಥರಾ.”

“ಅದು ಒಳ್ಳೇದೋ ಕೆಟ್ಟದ್ದೋ?”

“ಹಳೇ ಕುಲುಮೇಲಿ ಬೂದಿಬಣ್ಣ ಬರ್ಬೇಕು. ಬೆಳ್ಳಗೆ ಬಂದ್ರೆ ವಾಪಸ್ ಹಾಕ್ತಿದ್ವಿ.” ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದ. “ಇಲ್ಲಿ ಹೆಂಗೋ ಏನೋ. ಕುಲುಮೆ ಹೊಸ್ದು, ಕರೆಂಟು ಹೊಸ್ದು. ಕಣ್ಣೊಂದೇ ನಂದು ಹಳೇದು.”

ಸಿದ್ದಗಂಗಮ್ಮ ಐಶ್ವರ್ಯಳ ಮುಖ ನೋಡಿದರು. ಅವಳು ಚಿನ್ನಪ್ಪನ ಮುಖ ನೋಡಿದಳು. “ನಾನು ಕರೆಂಟ್ ಕಡೆಯವಳು ಆಂಟಿ. ಲೋಹದ ವಿಷಯ ಎಲ್ಲ ನಮ್ಮ ಸೋಮನಾಥ್ ಸರ್‌ದು. ಅವ್ರು ಬರ್ಬೇಕಿತ್ತು, ಜ್ವರ ಬಂದು ಮಲಗಿದ್ದಾರೆ. ಆದ್ರೆ... ಮಸಿ ಇಲ್ಲ, ಕೋಕ್ ಇಲ್ಲ ಅಂದ್ಮೇಲೆ ಕ್ಲೀನಾಗೇ ಇರ್ಬೇಕಲ್ವಾ?”

ಇರಬೇಕು ಎನ್ನಿಸಿತು ಸಿದ್ದಗಂಗಮ್ಮನವರಿಗೂ. ಆ ಬಿಳುಪು ಹಣೆಯ ಮೇಲಿನ ವಿಭೂತಿಯಷ್ಟು ಶುಭ್ರವಾಗಿತ್ತು. ಉಪವಾಸ ಮಾಡಿದ ದೇಹ ಒಳಗಿನಿಂದ ಬೆಳಗುವುದಿಲ್ಲವೇ? ಹಾಗೆಯೇ ಇದೂ ಎಂದುಕೊಂಡು ತುಂಡನ್ನು ಕಣ್ಣಿಗೊತ್ತಿಕೊಂಡರು. “ಹೊಯ್ಯಿ,” ಎಂದರು. ಚಿನ್ನಪ್ಪ ಹೊಯ್ದ.

ಸಂಜೆ ಬಾಗಿಲು ಹಾಕುವಾಗ ಎದುರುಮನೆಯಿಂದ ಪಂಕಜಾ ಇಳಿದು ಬಂದಳು. “ಯಾಕ್ರೀ ಸಿದ್ದಗಂಗಮ್ನೋರೆ, ಫ್ಯಾಕ್ಟ್ರಿ ಮುಚ್ಬಿಟ್ರಾ? ಹೊಗೇನೇ ಕಾಣ್ಲಿಲ್ಲ!”

“ಇಲ್ಲ ಕಣ್ರೀ, ಇವತ್ತೂ ಎರಕ ಹೊಯ್ದ್ವಿ.”

“ಹೊಗೆ ಇಲ್ದೇನೂ ಆಗುತ್ತಾ?” ಪಂಕಜಾ ಸೊಂಟದ ಮೇಲೆ ಕೈಯಿಟ್ಟಳು. “ಮತ್ತೆ ಇಷ್ಟು ವರ್ಷ ನಮ್ ಬಟ್ಟೆ ಮೇಲೆ ಯಾಕ್ರೀ ಬಿಟ್ರಿ?”

ಸಿದ್ದಗಂಗಮ್ಮ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಆ ಪ್ರಶ್ನೆಯನ್ನೇ ತಿರುಗಿಸಿ ತಿರುಗಿಸಿ ಯೋಚಿಸಿದರು.

ಮರುದಿನ ಬೆಳಿಗ್ಗೆ ಪರೀಕ್ಷಕ ಬಂದ. ನರೇಂದ್ರ ಎಂದು ಹೆಸರು. ಮಾತು ಕಡಿಮೆ, ಸುತ್ತಿಗೆ ಮಾತ್ರ ಕೈಬಿಡದ ಮನುಷ್ಯ. ಸಾಲಾಗಿ ಜೋಡಿಸಿದ್ದ ಎರಕಗಳನ್ನು ನೋಡಿ, “ಹೊರಗಿಂದ ಚೆನ್ನಾಗಿದೆ ಮೇಡಂ,” ಎಂದ. ಒಂದಕ್ಕೆ ತೂತು ಕೊರೆಯಲು ಡ್ರಿಲ್ ಇಟ್ಟ. ಅದು ಕಿರ್ರೆಂದು ಕೂಗಿ, ಒಳಗಿಳಿಯದೆ ಜಾರಿತು. ನರೇಂದ್ರನ ಹುಬ್ಬು ಗಂಟಾಯಿತು. ಸುತ್ತಿಗೆ ಎತ್ತಿ ಒಂದೇಟು ಹಾಕಿದ. ಪಂಪಿನ ಮೈ ಕಲ್ಲುಸಕ್ಕರೆಯ ಹಾಗೆ ಒಡೆದು ನೆಲದ ಮೇಲೆ ಬಿತ್ತು. ಇನ್ನೊಂದಕ್ಕೆ ಹೊಡೆದ. ಅದೂ ಒಡೆಯಿತು.

“ಇದು ಪಂಪಲ್ಲ ಮೇಡಂ,” ಎಂದ ನರೇಂದ್ರ, “ಪಿಂಗಾಣಿ ಲೋಟ.”

ಚೂರುಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

“ನೋಡಿ, ನಾನು ಸುಳ್ಳು ಹೇಳಕ್ಕಾಗಲ್ಲ. ಇವ್ರ ಕೈಲಿ ಆಗಲ್ಲ, ಬೇರೆಯವರನ್ನ ಹುಡುಕಿ ಅಂತ ಆಫೀಸಿಗೆ ಹೇಳ್ಬೇಕಾಗುತ್ತೆ.”

ಆಮೇಲೆ ಎಲ್ಲರೂ ಒಟ್ಟಿಗೆ ಮಾತನಾಡಿದರು. ವೋಲ್ಟೇಜ್ ಏರುಪೇರಾಗಿರಬೇಕು ಎಂದಳು ಐಶ್ವರ್ಯ. ತನ್ನ ಮರಳಿನಲ್ಲಿ ತೇವ ಇರಲಿಲ್ಲವೆಂದು, ಯಾರೂ ಕೇಳದಿದ್ದರೂ, ಮುನಿಯಕ್ಕ ಆಣೆ ಹಾಕಿದಳು. “ಎದುರುಮನೆ ಪಂಕಜಮ್ಮ ನಿನ್ನೆ ಬಂದು ಕಣ್ಣು ಹಾಕಿದ್ಲಲ್ಲ, ಅದೇ,” ಎಂದಳು. ಚಿನ್ನಪ್ಪನದು ಒಂದೇ ಹಟ. “ಹಳೇ ಕುಲುಮೆ ಹಚ್ಚೋಣ ಅಮ್ಮಾವ್ರೇ. ಸಾಯಂಕಾಲಕ್ಕೆ ಸರಿಯಾದ ಕಬ್ಬಿಣ ಕೊಡ್ತೀನಿ.”

“ಅದ್ರಲ್ಲಿ ಹೊಯ್ದಿದ್ದು ಬೇಡ ಅಂತ ತಾನೇ ನಾವು ಹೇಳಿದ್ದು?” ಎಂದ ನರೇಂದ್ರ.

“ಸಾರ್, ಹಳೇದ್ರಲ್ಲಿ ಗಟ್ಟಿ ಬಂದ್ರೆ ಬೇಡ ಅಂತೀರಿ, ಹೊಸದ್ರಲ್ಲಿ ಹೊಯ್ದ್ರೆ ಗಟ್ಟಿ ಇಲ್ಲ ಅಂತೀರಿ. ನಾವು ಯಾವುದನ್ನ ಹಿಡ್ಕೊಂಡು ಸಾಯೋದು?”

ಸಿದ್ದಗಂಗಮ್ಮ ಒಡೆದ ಚೂರೊಂದನ್ನು ಎತ್ತಿಕೊಂಡು ನೋಡುತ್ತಿದ್ದರು. ನಿನ್ನೆ ಕಣ್ಣಿಗೊತ್ತಿಕೊಂಡ ಅದೇ ಬಿಳುಪು. ಎಲ್ಲಿ ತಪ್ಪಾಯಿತು? ಪೂಜೆಯಲ್ಲೋ, ನಿಂತ ದಿಕ್ಕಿನಲ್ಲೋ? ಅಥವಾ ತಪ್ಪೇ ಆಗದೆ ಶಿವನಿಗೇ ಈ ಶೆಡ್ಡು ಸಾಕೆನ್ನಿಸಿತೋ? ತಲೆಗೆ ಮಂಜು ಕವಿದಂತಾಯಿತು. ಒಂದು ಮಾತ್ರ ಸ್ಪಷ್ಟವಿತ್ತು. ಈ ಮನುಷ್ಯ ಈಗ ಬಾಗಿಲು ದಾಟಿದರೆ ಮತ್ತೆ ಬರುವುದಿಲ್ಲ.

“ಊಟ ಮಾಡ್ಕೊಂಡು ಹೋಗಿ,” ಎಂದರು.

“ಅಯ್ಯೋ, ಬೇಡ ಮೇಡಂ.”

“ಬೇಡ ಅನ್ಬೇಡಿ. ನಮ್ಮ ಯಜಮಾನರ ಕಾಲದಿಂದ ಇಲ್ಲಿಗೆ ಬಂದವರು ಹಸ್ಕೊಂಡು ಹೋಗಿಲ್ಲ. ಜಗಳ ಆಡಕ್ಕೆ ಬಂದವರೂ ಉಂಡ್ಕೊಂಡೇ ಜಗಳ ಆಡಿದ್ದಾರೆ.”

ನರೇಂದ್ರ ಗಡಿಯಾರ ನೋಡಿದ. ಮುನಿಯಕ್ಕ ಅಷ್ಟರಲ್ಲಿ ಎಲೆ ಹಾಕಿಯೇ ಬಿಟ್ಟಿದ್ದಳು. ಶೆಡ್ಡಿನಲ್ಲಿ ಎಲ್ಲರಿಗೂ ಒಟ್ಟಿಗೆ ಬೇಯಿಸುವ ವಾಡಿಕೆ. ಅವತ್ತು ಮುದ್ದೆ, ಬಸ್ಸಾರು. ಅವನು ಕೂತ. ಐಶ್ವರ್ಯಳೂ ಪಕ್ಕದಲ್ಲಿ ಕೂತಳು, ಆದರೆ ಅವಳ ಮುದ್ದೆ ಎಲೆಯಲ್ಲೇ ಆರುತ್ತಿತ್ತು. ಸೋಮನಾಥ್ ಸರ್ ಫೋನ್ ಎತ್ತುತ್ತಿರಲಿಲ್ಲ.

ಕಾಯುವ ಹೊತ್ತಿಗೆ ಏನಾದರೂ ಮಾತು ಬೇಕಲ್ಲ. ಸಿದ್ದಗಂಗಮ್ಮ ಕೇಳಿದರು, “ಅಲ್ಲಮ್ಮಾ, ಈ ಕರೆಂಟು ಎಲ್ಲಿಂದ ಬರುತ್ತೆ?”

“ಎಲ್ಲಾ ಕಡೆಯಿಂದ ಆಂಟಿ. ಪಾವಗಡದಲ್ಲಿ ಬಿಸಿಲಿಂದ ಮಾಡ್ತಾರೆ, ಶರಾವತೀಲಿ ನೀರಿಂದ, ರಾಯಚೂರಲ್ಲಿ ಕಲ್ಲಿದ್ದಲಿಂದ. ಎಲ್ಲಾ ಒಂದೇ ತಂತೀಲಿ ಸೇರ್ಕೊಳ್ಳುತ್ತೆ.”

“ಕಲ್ಲಿದ್ದಲು ಸುಟ್ಟಾ?”

“ಹೂಂ. ಅದೂ ಇದೆ.”

“ಅಂದ್ರೆ ನಮ್ಮ ಒಲೆ ಆರ್ಸಿ, ಹೊಗೇನ ರಾಯಚೂರಿಗೆ ಕಳ್ಸಿದ ಹಾಗಾಯ್ತಲ್ಲ?”

ಐಶ್ವರ್ಯ ನರೇಂದ್ರನನ್ನು ನೋಡಿದಳು. ನರೇಂದ್ರ ಮುದ್ದೆಯ ತುತ್ತನ್ನು ಬಸ್ಸಾರಿಗೆ ಅದ್ದಿ ನುಂಗಿದ. “ಸ್ವಲ್ಪ ಹೋಗುತ್ತೆ,” ಎಂದ ಕೊನೆಗೆ. “ಆದ್ರೆ ಒಟ್ಟು ಲೆಕ್ಕದಲ್ಲಿ ಕೋಕಿಗಿಂತ ಕಡಿಮೆ. ಬಿಸಿಲಿನ ಕರೆಂಟು ಜಾಸ್ತಿ ಆದಷ್ಟೂ ಇನ್ನೂ ಕಡಿಮೆ.”

“ಈಗ ನಮ್ಮ ಹಂಡೆಗೆ ಬಂದಿದ್ದು ಬಿಸಿಲಿಂದಾ, ಕಲ್ಲಿದ್ದಲಿಂದಾ?”

“ಅದು ಯಾರಿಗೂ ಗೊತ್ತಾಗಲ್ಲ ಮೇಡಂ.”

“ಚೆನ್ನಾಗಿದೆ,” ಎಂದ ಚಿನ್ನಪ್ಪ. “ಅಪ್ಪ ಯಾರು ಅಂತ ಕೇಳಂಗಿಲ್ಲ.”

“ಬಾಯ್ಮುಚ್ಚೋ, ಊಟದ ಹೊತ್ನಲ್ಲಿ,” ಎಂದಳು ಮುನಿಯಕ್ಕ. ಅಷ್ಟರಲ್ಲಿ ಐಶ್ವರ್ಯಳ ಫೋನ್ ಹೊಡೆದುಕೊಂಡಿತು.

ಸೋಮನಾಥ್ ಸರ್ ದನಿ ಜ್ವರದಲ್ಲಿ ಕುಗ್ಗಿತ್ತು. ಎಲ್ಲರಿಗೂ ಕೇಳಲೆಂದು ಐಶ್ವರ್ಯ ಫೋನನ್ನು ಎಲೆಯ ಪಕ್ಕ ಇಟ್ಟಳು. ನಡೆದದ್ದನ್ನು ಹೇಳಿದಳು. ಬೆಳ್ಳಗಿದೆ, ಡ್ರಿಲ್ ಇಳಿಯಲಿಲ್ಲ, ಒಡೆಯಿತು ಎಂದಳು.

“ನಾನು ಕಳ್ಸಿದ್ದ ಮೂಟೆ ಹಾಕಿದ್ರಿ ತಾನೇ?”

“ಯಾವ ಮೂಟೆ ಸರ್?”

“ಅದೇ ಕುಲುಮೆ ಜೊತೆ ಲಾರೀಲಿ ಬಂತಲ್ಲ, ಕಪ್ಪು ಪುಡಿ. ಇಂಗಾಲ. ಅದು ಹಾಕ್ದೆ ಹೋದ್ರೆ ಬಿಳೀ ಕಬ್ಬಿಣಾನೇ ಬರೋದು.”

ಚಿನ್ನಪ್ಪನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

“ಇಂಗಾಲವಾ?” ಸಿದ್ದಗಂಗಮ್ಮ ಫೋನಿನ ಕಡೆ ಬಾಗಿದರು. “ಇಂಗಾಲ ಬೇಡ ಅಂತ ಊರೆಲ್ಲಾ ಹೇಳಿ ಈಗ ಇಂಗಾಲ ಹಾಕಿ ಅಂತೀರಲ್ಲ ಸ್ವಾಮಿ!”

ಆ ಕಡೆಯಿಂದ ಕೆಮ್ಮು ಬಂತು, ಆಮೇಲೆ ಮಾತು. “ಅಮ್ಮಾ, ಹಳೇ ಕುಲುಮೇಲಿ ಕಬ್ಬಿಣ ಕೋಕಿನ ಮಡಿಲಲ್ಲೇ ಬೇಯ್ತಿತ್ತು. ತನಗೆ ಬೇಕಾದಷ್ಟು ಇಂಗಾಲಾನ ತಾನೇ ಕುಡೀತಿತ್ತು. ಮಿಕ್ಕಿದ್ದೆಲ್ಲಾ ಉರಿದು ಆಕಾಶಕ್ಕೆ ಹೋಗ್ತಿತ್ತು. ಹಾಗೆ ಹೋಗೋದು ಬೇಡ ಅಷ್ಟೆ. ಕಬ್ಬಿಣದ ಪಾಲು ಕಬ್ಬಿಣಕ್ಕೆ ಬೇಕೇ ಬೇಕು. ಈಗ ಅದನ್ನ ನಾವು ಕೈಯಾರೆ ಕೊಡ್ಬೇಕು.”

ನರೇಂದ್ರ ಚಿನ್ನಪ್ಪನ ಕಡೆ ತಿರುಗಿ, “ಮೂಟೆ ಕಣ್ಣಿಗೆ ಬೀಳ್ಲಿಲ್ವೇನಪ್ಪ ನಿನಗೆ? ಇಷ್ಟು ವರ್ಷದ ಕೆಲಸ...” ಎಂದು ಶುರುಮಾಡಿದ.

“ಅವನನ್ನ ಅನ್ಬೇಡಿ,” ಎಂದರು ಸಿದ್ದಗಂಗಮ್ಮ. “ಆಚೆ ಹಾಕ್ಸಿದವಳು ನಾನು. ಹೊಸ ಒಲೆಗೆ ಕರಿ ಆಗಲ್ಲ ಅಂತ.” ಆಮೇಲೆ ಅವರಿಗೇ ನಗು ಬಂತು, ಅಳುವಿನ ಪಕ್ಕದಲ್ಲೇ ಇರುವಂಥ ನಗು. “ನಮ್ಮಜ್ಜಿ ಒಂದು ಕಥೆ ಹೇಳ್ತಿದ್ರು. ಒಂದೂರಿಗೆ ಒಬ್ಬ ಸ್ವಾಮಿ ಬಂದ್ನಂತೆ. ಗೌಡತಿಗೆ ಹೇಳಿದ್ನಂತೆ, ತಾಯಿ, ಒಂದು ಮಾಸ ಉಪ್ಪು ಬಿಡು, ನಾಲಿಗೆ ಹದಕ್ಕೆ ಬರುತ್ತೆ ಅಂತ. ಇವಳು ಮಹಾ ಭಕ್ತೆ. ತಾನೂ ಬಿಟ್ಲು, ಗಂಡನಿಗೂ ಬಿಡ್ಸಿದ್ಲು, ಕೊಟ್ಟಿಗೇಲಿ ಹಸು ಮುಂದೆ ಇಟ್ಟಿದ್ದ ಉಪ್ಪಿನ ಹೆಂಟೇನೂ ಎತ್ತಿ ಬಿಸಾಕಿದ್ಲು. ಹಸು ಸೊರಗ್ತು, ಹಾಲು ಬತ್ತೋಯ್ತು. ಸ್ವಾಮಿ ತಿರುಗಿ ಬಂದು ಮಜ್ಜಿಗೆ ಕೇಳಿದ್ರೆ ಮನೇಲಿ ಮಜ್ಜಿಗೆ ಇಲ್ಲ. ‘ಅಮ್ಮಾ, ನಿನ್ನ ನಾಲಿಗೆಗೆ ಹೇಳಿದ್ನೇ ಹೊರತು ಹಸೂಗೆ ಹೇಳಿದ್ನಾ’ ಅಂದ್ನಂತೆ.”

“ಹಸು ಏನಂತು?” ಎಂದು ಕೇಳಿದ ಚಿನ್ನಪ್ಪ.

“ಹಸು ಏನನ್ನುತ್ತೋ, ನೀನಾ ಅದು, ಎಲ್ಲದಕ್ಕೂ ಏನಾದ್ರೂ ಅನ್ನಕ್ಕೆ? ಏಳು, ಮೂಟೆ ತಗೊಂಬಾ.”

ಮೂಟೆ ಹೊಂಗೆಮರದ ಕೆಳಗೆ ಇಟ್ಟ ಹಾಗೇ ಇತ್ತು. ಒಡೆದ ಚೂರುಗಳನ್ನೇ ಗುಡಿಸಿ ಮತ್ತೆ ಕುಲುಮೆಗೆ ತುಂಬಿದರು. ಕಟ್ಟಿಟ್ಟ ಅಚ್ಚುಗಳು ಕೆಲವು ಮಿಕ್ಕಿದ್ದವು. ದುಂಬಿಯ ಸದ್ದು ಎದ್ದಿತು. ಸೋಮನಾಥ್ ಸರ್ ಫೋನಿನಲ್ಲೇ ಎಷ್ಟು ಹಾಕಬೇಕೆಂದು ಹೇಳಿದರು. ಐಶ್ವರ್ಯ ತೂಗಿದಳು. ಆದರೆ ಬೋಗುಣಿ ಎತ್ತಿ ಇನ್ನೇನು ಸುರಿಯಬೇಕು, ಸಿದ್ದಗಂಗಮ್ಮ ಅವಳ ಕೈ ಹಿಡಿದರು.

“ತಡಿ. ನರೇಂದ್ರಪ್ಪ, ಇದನ್ನ ಹಾಕಿದ್ರೆ ನಿಮ್ಮ ಪರದೇಶದವರು ಒಪ್ತಾರಾ? ಆಮೇಲೆ ಕಪ್ಪು ಹಾಕಿದ್ರಿ ಅಂತ ಆಡ್ಕೋಬಾರ್ದು.”

ನರೇಂದ್ರ ಬೋಗುಣಿಯೊಳಗೆ ಇಣುಕಿದ. “ಇದು ಕಬ್ಬಿಣದ ಒಳಗೇ ಉಳಿಯುತ್ತೆ. ಗಾಳಿಗೆ ಹೋಗಲ್ಲ, ಹೋದ್ರೂ ಚೂರು. ಅವ್ರು ಕೇಳೋದು ಗಾಳಿಗೆ ಹೋಗಿದ್ದು. ಹಾಗಾಗಿ... ಒಪ್ಬೇಕು.”

“ಒಪ್ಬೇಕಾ, ಒಪ್ತಾರಾ?”

“ಇರಿ,” ಎಂದು ಅವನು ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದ. ಕುಲುಮೆ ಕಾಯುತ್ತಲೇ ಇತ್ತು. ಸಿದ್ದಗಂಗಮ್ಮ ಅದರ ಹೊಳಪಿನ ಮುಂದೆ ನಿಂತು ಪಂಚಾಕ್ಷರಿ ಹೇಳಿಕೊಂಡರು. ಬಾಯಿಗೆ ಬೇಡ, ಹಸುವಿಗೆ ಬೇಕು. ಆಕಾಶಕ್ಕೆ ಬೇಡ, ಕಬ್ಬಿಣಕ್ಕೆ ಬೇಕು. ಅರ್ಥವಾದ ಹಾಗೂ ಇತ್ತು, ಆಗದ ಹಾಗೂ ಇತ್ತು. ಒಂದೇ ವಸ್ತು ಒಂದು ಕಡೆ ಪಾಪ, ಒಂದು ಕಡೆ ಅನ್ನ ಆಗುವುದಾದರೆ ಮಡಿ ಎನ್ನುವುದು ವಸ್ತುವಿನಲ್ಲಿಲ್ಲ, ಅದು ಕೂತಿರುವ ಜಾಗದಲ್ಲಿದೆ ಎಂದಾಯಿತೇ? ಹಾಗಿದ್ದರೆ ಜನ್ಮವಿಡೀ ತಾವು ಆಚೆ ಹಾಕಿಸಿದ್ದರಲ್ಲಿ ಇನ್ನೇನೇನು ಒಳಗಿರಬೇಕಿತ್ತೋ. ಆ ಯೋಚನೆ ತೀರಾ ಆಳಕ್ಕೆ ಹೋಯಿತು. ಅಲ್ಲೇ ಬಿಟ್ಟರು.

ನರೇಂದ್ರ ಒಳಗೆ ಬಂದ. “ಹಾಕಿ,” ಎಂದ.

ಸಿದ್ದಗಂಗಮ್ಮ ಬೋಗುಣಿಯನ್ನು ತಾವೇ ಹಿಡಿದು ಚಿನ್ನಪ್ಪನಿಗೆ ಕೊಟ್ಟರು. ಅವನು ಸುರಿದ. ಕಪ್ಪು ಪುಡಿ ಕರಗಿದ ಕಬ್ಬಿಣದ ಮೇಲೆ ಒಂದು ಗಳಿಗೆ ತೇಲಿ, ಮಿನುಗಿ, ಮೆಲ್ಲಗೆ ಒಳಗಿಳಿದು ಹೋಯಿತು. ನಿನ್ನೆ ಸತಾಯಿಸಿದ ಕಬ್ಬಿಣ ಇವತ್ತು ಎಣ್ಣೆಯಂತೆ ಹರಿಯಿತು.

ಬೆಣೆ ಹೊಯ್ದು, ಆರಿಸಿ, ಮುರಿದರು. ಬೂದಿಬಣ್ಣ. ಚಿನ್ನಪ್ಪ ಅದನ್ನು ಹಿಡಿದು ಎಲ್ಲರ ಮುಖದ ಮುಂದೆಯೂ ತಂದು ತೋರಿಸಿದ, ಮದುವೆಮನೆಯಲ್ಲಿ ತಾಳಿ ತೋರಿಸುವ ಹಾಗೆ. ನರೇಂದ್ರ ಸಂಜೆಯವರೆಗೂ ಕಾದ. ಅಚ್ಚು ಬಿಚ್ಚಿ, ಮರಳು ಉದುರಿಸಿ, ಮುಟ್ಟುವಷ್ಟು ತಣಿದ ಮೇಲೆ ಡ್ರಿಲ್ ಇಟ್ಟ. ಸಲೀಸಾಗಿ ಇಳಿಯಿತು. ಸುತ್ತಿಗೆಯಿಂದ ಹೊಡೆದ. ಗಂಟೆಯಂತಲ್ಲ, ಮಣ್ಣಿನ ಗಡಿಗೆಯಂತೆ ಗಂಭೀರವಾಗಿ ದನಿ ಬಂತು. ಒಡೆಯಲಿಲ್ಲ. ಇನ್ನೊಮ್ಮೆ ಜೋರಾಗಿ ಹೊಡೆದ. ಒಡೆಯಲಿಲ್ಲ.

“ಮೊದಲು ಒಂದು ಸಣ್ಣ ಲೋಡು ಮಾಡಿ ಕಳ್ಸಿ,” ಎಂದ ಸುತ್ತಿಗೆ ಚೀಲಕ್ಕಿಡುತ್ತ. “ಅದು ಸರಿಯಾಗಿ ಬಂದ್ರೆ ಮುಂದಿಂದು ನಿಮಗೇ. ಬಸ್ಸಾರು ಚೆನ್ನಾಗಿತ್ತು.”

ಅವನು ಹೋದ ಮೇಲೆ ಸಿದ್ದಗಂಗಮ್ಮ ಅಚ್ಚುಗಳ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟರು. ಶೆಡ್ಡು ಉಳಿಯಿತು ಎನ್ನುವ ಮಾತು ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಸಂತೋಷವಾಗಿತ್ತು, ಆದರೆ ಯಾವುದರಿಂದ ಉಳಿಯಿತು ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

“ಚಿನ್ನಪ್ಪ,” ಎಂದರು, “ನಾಳೆಯಿಂದ ಆ ಪುಡಿ ಎಷ್ಟು ಹಾಕ್ಬೇಕೋ ಆ ಹುಡುಗಿ ಹತ್ರ ಸರಿಯಾಗಿ ಕೇಳ್ಕೋ. ಹೆಚ್ಚೂಕಮ್ಮಿ ಆಗೋ ಹಾಗಿದ್ರೆ, ಹಾಕೋಕೆ ಮುಂಚೆ ನನ್ನನ್ನೊಂದು ಮಾತು ಕೇಳು.”

ಚಿನ್ನಪ್ಪ ಮರಳು ಗುಡಿಸುತ್ತಿದ್ದವನು ಪೊರಕೆ ನಿಲ್ಲಿಸಿದ.

“ನಿಮ್ಮ ಮಾತು ಕೇಳಿದ್ದಕ್ಕೇ ಅಲ್ವಾ ಅಮ್ಮಾವ್ರೇ, ಇಷ್ಟೆಲ್ಲಾ ಆಗಿದ್ದು?”